ನಾಜಿಯ ಹಾಡು, ನೈಲಾಳ ಮದುವೆ

ಬೇಸಿಗೆ ಬಂತೆಂದರೆ ಬಿಜರ್ತಾದ ಹಳೆಯ ಬಂದರಿನ ಸುತ್ತಲಿನವರೆಲ್ಲ ಕಿಟಕಿಗಳನ್ನು ತೆರೆದಿಟ್ಟು ಕಡಲ ಗಾಳಿಗೆ ಕಾಯುತ್ತಿದ್ದರು. ಶೇಖ್ ತಿಜಾನಿಯವರ ಮನೆಯಲ್ಲಿ ಮಾತ್ರ ಹೊತ್ತು ಮುಳುಗುತ್ತಲೇ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಮುಚ್ಚುತ್ತಿದ್ದವಳು ಹೆಂಡತಿ ಸಾಲ್ಹಾ. ಒಳಗೆ ಸೆಕೆಯಲ್ಲಿ ಬೇಯುತ್ತ ಮನೆಮಂದಿ ಊಟ ಮಾಡಬೇಕು. ಬೇಸಿಗೆ ಮದುವೆಗಳ ಕಾಲ. ಯಾರ ಮಾಳಿಗೆಯ ಮೇಲೆ ಮದುವೆ ನಡೆದರೂ ವಾದ್ಯದವರು ಒಂದು ಹಾಡನ್ನು ಹಾಡದೆ ಏಳುತ್ತಿರಲಿಲ್ಲ:

ತಡವೇಕೆ ಮದುಮಗನೇ,
ಬಾಗಿಲು ತೆಗೆದೇ ಇದೆ, ಬಾ.

ಆ ಹಾಡನ್ನು ಕಟ್ಟಿದವರು ತಿಜಾನಿಯವರೇ. ಕಟ್ಟಿದ್ದು ಮದುವೆಗೆಂದಲ್ಲ, ಮಗ ನಾಜಿಯ ಸುನ್ನತಿಯ ಮೆರವಣಿಗೆಗೆ. ಅಲ್ಲಿ ಸುನ್ನತಿಯ ದಿನ ಹುಡುಗನಿಗೆ ಕಸೂತಿಯ ಅಂಗಿ ತೊಡಿಸಿ, ಕೆಂಪು ಟೋಪಿ ಇಟ್ಟು, ಕುದುರೆಯ ಮೇಲೆ ಕೂರಿಸಿ ಮದುಮಗನೆಂದೇ ಕರೆಯುತ್ತಾರೆ. ಆರು ವರ್ಷದ ನಾಜಿ, ತನಗೇ ಅಂತ ಒಂದು ಹಾಡು ಬೇಕೆಂದು ಹಟ ಹಿಡಿದಿದ್ದ. ತಂದೆ ಕಟ್ಟಿಕೊಟ್ಟರು, ಶಿಷ್ಯರಿಗೆ ಕಲಿಸಿದರು. ಅವರು ಹಾಡುವಾಗ ಹುಡುಗ ನಡುವೆ ಕುಳಿತು ಚಪ್ಪಾಳೆ ತಟ್ಟಿದ. ಮೆರವಣಿಗೆ ಹತ್ತಿರ ಬಂದಾಗ ಗಂಟಲಮಾರಿ ಬಂತು. ವಾರ ತುಂಬುವ ಮೊದಲೇ ಹುಡುಗ ಹೋದ.

ನೈಲಾ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ. ಅಣ್ಣನನ್ನು ಅವಳು ಕಂಡವಳಲ್ಲ. ಆದರೆ ಅವನಿಗೆ ಸೇರದ ಒಂದು ಮೂಲೆಯನ್ನೂ ಆ ಮನೆಯಲ್ಲಿ ಅವಳು ಕಾಣಲಿಲ್ಲ. ಗೋಡೆಯ ಮೊಳೆಯಲ್ಲಿ ಅವನು ಅಕ್ಷರ ಬರೆಯುತ್ತಿದ್ದ ಹಲಗೆ ತೂಗುತ್ತಿತ್ತು. ಬಾವಿಕಟ್ಟೆಯ ಅಂಚು ಒಡೆದದ್ದು ಅವನು ಸುತ್ತಿಗೆ ಆಡಿಸಿದಾಗ. ಅದನ್ನು ಇಂದಿಗೂ ಸರಿ ಮಾಡಿಸಿರಲಿಲ್ಲ. ಈದ್‌ಗೆ ಬಟ್ಟೆ ಹೊಲಿಸುವಾಗಲೂ ಸಾಲ್ಹಾ, "ಅವನಿಗೆ ಈ ಬಣ್ಣ ಅಂದ್ರೆ ಪ್ರಾಣ" ಎನ್ನುತ್ತಿದ್ದಳು.

ತಿಜಾನಿಯವರು ಟೋಪಿ ಮಾಡುವವರ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಸೂಫಿಗಳ ಮಠದಲ್ಲಿ ಮುದುಕರ ಬೆನ್ನಹಿಂದೆ ಕುಳಿತು ಹಳೆಯ ಮಾಲೂಫ್ ಹಾಡುಗಳನ್ನು ಕೇಳಿ ಕೇಳಿಯೇ ಕಲಿತವರು. ಮೂವತ್ತು ತುಂಬುವುದರೊಳಗೆ ಅವರ ವಸಂತದ ಹಾಡು, ಬೆಸ್ತರ ಹಾಡು, ಬೆಳಗಿನ ಹಾಡುಗಳು ರಾಜಧಾನಿಯ ರೇಡಿಯೋದವರೆಗೂ ಹೋಗಿದ್ದವು. ನಾಜಿ ಹೋದ ಮೇಲೆ ಒಂದು ಸಾಲನ್ನೂ ಕಟ್ಟಲಿಲ್ಲ. ಪಾಠ ಹೇಳಿದರು, ಅಷ್ಟೇ. ದಿನವೂ ಮಧ್ಯಾಹ್ನದ ಮೇಲೆ ಮುಂದಿನ ಕೋಣೆಯಲ್ಲಿ ಕುರಿಚರ್ಮದ ಮೇಲೆ ಕುಳಿತು, ತೊಡೆಯ ಮೇಲೆ ತಾಳ ಹಾಕುತ್ತ, "ಸ್ವರಾನ ತಳ್ಳಬೇಡ್ವೋ, ಅದೇ ಬರುತ್ತೆ, ಕಾಯಿ" ಎಂದು ಗದರುತ್ತಿದ್ದರು. ಊರಿನ ಅರ್ಧ ಹಾಡುಗಾರರು ಆ ಕೋಣೆಯಿಂದ ಹೊರಟವರು. ಮದುಮಗನ ಹಾಡನ್ನು ಮಾತ್ರ ಮತ್ತೆ ಅವರು ಯಾರಿಗೂ ಕಲಿಸಲಿಲ್ಲ, ತಾವೂ ಹಾಡಲಿಲ್ಲ. ಆದರೆ ಅದು ಹೇಗೋ ಊರಿನ ಬಾಯಿಗೆ ಬಿದ್ದುಬಿಟ್ಟಿತ್ತು.

ನೈಲಾಳಿಗೆ ಹಾತಿಮ್‌ನೊಂದಿಗೆ ನಿಶ್ಚಯವಾಯಿತು. ಅವನು ಬೇಜಾದಲ್ಲಿ ಶಾಲಾ ಮೇಷ್ಟರು, ಸಾಧು ಹುಡುಗ. ಅವನ ತಾಯಿ ಲಲ್ಲಾ ಶರೀಫಾ ಒಂದು ಭಾನುವಾರ ಬಾದಾಮಿ ಮಿಠಾಯಿಯ ಡಬ್ಬಿ ಹಿಡಿದು ಬಂದಳು. ಆಕೆ ಮಾತರ್ ಕಡೆಯವಳು. ಬಿಜರ್ತಾಕ್ಕೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ.

"ಫ್ರಿಜ್ಜು ಕೊಡಿ, ಮಂಚ ಕೊಡಿ ಅನ್ನೋ ಜನ ಅಲ್ಲ ನಾವು," ಎಂದಳು ಚಹಾದ ಲೋಟ ಎತ್ತುತ್ತ. "ಒಂದೇ ಒಂದು ಆಸೆ. ಆ ಮದುಮಗನ ಹಾಡನ್ನ ಶೇಖ್ ಅವ್ರೇ ತಮ್ಮ ಬಾಯಿಂದ ಹಾಡ್ಬೇಕು. ಎಲ್ಲರ ಮದ್ವೇಲೂ ಆ ಕ್ಷೌರದ ಖಮೀಸ್ ಹಾಡ್ತಾನೆ. ನನ್ನ ಮಗಂಗೆ ಹಾಡು ಕಟ್ಟಿದೋರೇ ಮಾವ! ಈ ಭಾಗ್ಯ ಯಾರಿಗುಂಟು ಹೇಳಿ?"

ಸಾಲ್ಹಾ ಕೈಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

"ಒಲೆ ಮೇಲೆ ಹಾಲಿಟ್ಟಿದ್ಲು," ಎಂದಳು ಮನ್ನೂಬಿಯಾ. ತಿಜಾನಿಯವರ ವಿಧವೆ ಅಕ್ಕ ಈಕೆ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿ ಹತ್ತು ವರ್ಷವಾಗಿತ್ತು.

"ಹಾಲು ಉಕ್ಕಿದ್ರೆ ಉಕ್ಲಿ, ಶುಭ," ಎಂದು ಶರೀಫಾ ನಕ್ಕಳು. "ಏನಂತೀರಿ ಶೇಖ್?"

"ನೋಡೋಣ," ಎಂದರು ತಿಜಾನಿ.

ರಾತ್ರಿಯ ಊಟಕ್ಕೆ ಹುರಿದ ಬೂತಾಯಿ ಮೀನು, ಹರೀಸಾ ಖಾರ, ರೊಟ್ಟಿ. ತಿಜಾನಿಯವರು ಎಂದಿನಂತೆ ಮುಳ್ಳು ಬಿಡಿಸಿದ ಮೀನನ್ನು ಹೆಂಡತಿಯ ಕಡೆಗೆ ಸರಿಸಿದರು. ಅವಳು ಮುಟ್ಟಲಿಲ್ಲ.

"ಏನಂದ್ರಿ ಆಕೆಗೆ?"

"ನೋಡೋಣ ಅಂದೆ."

"ನೋಡೋಣ! ಇಪ್ಪತ್ತೈದು ವರ್ಷದಿಂದ ಊರೋರು ನನ್ನ ಮಗನ್ನ ಮಾಳಿಗೆ ಮಾಳಿಗೆ ಮೇಲೆ ಕುಣಿಸ್ತಿದಾರೆ. ನೋಡ್ತಾನೇ ಇದೀರಲ್ಲ ನೀವು. ಗೋರಿ ಮಣ್ಣು ಆರೋಕೆ ಮುಂಚೆ ಆ ಹಾಡನ್ನ ಶಿಷ್ಯರ ಕೈಗೆ ಹಾಕಿದ್ರಿ. ಒಬ್ಬ ಅಪ್ಪ ಮಾಡೋ ಕೆಲ್ಸವೇನ್ರೀ ಅದು?"

ತಿಜಾನಿ ಇನ್ನೊಂದು ಮೀನಿನ ಮುಳ್ಳು ಬಿಡಿಸತೊಡಗಿದರು.

"ಊಟದ ಹೊತ್ತಲ್ಲಿ ಬೇಡ ಸಾಲ್ಹಾ," ಎಂದಳು ಮನ್ನೂಬಿಯಾ.

"ನೀವು ಸುಮ್ನಿರಿ ಅತ್ತಿಗೆ. ನೀವು ಆಗ ಇಲ್ಲಿರ್ಲಿಲ್ಲ." ಗಂಡನ ಕಡೆ ತಿರುಗಿ, "ಈ ಮನೇಲಿ ಆ ಹಾಡು ಹಾಡಿದ್ರೆ ನಾನು ಮದುವೆ ಚಪ್ಪರಕ್ಕೆ ಬರಲ್ಲ. ಹೇಳ್ಬಿಟ್ಟಿದೀನಿ," ಎಂದು ಎದ್ದು ಹೋದಳು.

ಮದುವೆಗೆ ಒಂದೂವರೆ ತಿಂಗಳಿತ್ತು. ಕೆಲಸ ಬೆಟ್ಟದಷ್ಟು. ಗೋಧಿ ರವೆಯ ಕುಸ್ಕುಸ್ ಹೊಸೆಯಬೇಕು, ಒಣಗಿಸಬೇಕು. ಹಾಸಿಗೆಗೆ ಉಣ್ಣೆ ತೊಳೆಯಬೇಕು. ಮೂವರೂ ಹೆಂಗಸರು ಉಡುಗೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಮಾಳಿಗೆಯ ಮೇಲೆ ತೊಟ್ಟಿಯಲ್ಲಿ ಉಣ್ಣೆ ತುಳಿದರು. ಕುರಿಯ ಜಿಡ್ಡಿನ ವಾಸನೆ ವಾರವೆಲ್ಲ ಕೈಯಿಂದ ಹೋಗಲಿಲ್ಲ.

ಅಂಥ ಒಂದು ಬೆಳಗ್ಗೆ ನೈಲಾ ಉಣ್ಣೆಯ ಬುಟ್ಟಿ ಹೊತ್ತು ಮೇಲೆ ಬಂದಾಗ ಹಗ್ಗದ ಮೇಲೆ ಜಾಗವಿರಲಿಲ್ಲ. ಬಿಳಿ ಅಂಗಿ, ಚಿಕ್ಕ ಮೇಲಂಗಿ, ಅಂಗೈ ಅಗಲದ ಚಪ್ಪಲಿ, ಕೆಂಪು ಟೋಪಿ. ನಾಜಿಯ ಸುನ್ನತಿಯ ಉಡುಪು. ವರ್ಷಕ್ಕೊಮ್ಮೆ ಸಾಲ್ಹಾ ಅದನ್ನು ಬಿಸಿಲಿಗೆ ಹಾಕುವುದಿತ್ತು.

"ಉಮ್ಮಿ, ಉಣ್ಣೆ ಎಲ್ಲಿ ಹರವಲಿ?"

"ಮಧ್ಯಾಹ್ನ ತೆಗೀತೀನಿ. ಅಲ್ಲೀವರ್ಗೂ ಇರ್ಲಿ."

"ಅಷ್ಟರಲ್ಲಿ ಉಣ್ಣೆ ನಾರುತ್ತೆ."

"ಒಂದು ದಿನ ನಾರಿದ್ರೆ ಏನಾಗುತ್ತೆ? ಅವನ ಬಟ್ಟೆಗೆ ನುಸಿ ಹಿಡೀತಿದೆ."

ನೈಲಾ ಬುಟ್ಟಿಯನ್ನು ಕುಕ್ಕಿದಳು. "ನನ್ನ ಮದ್ವೇಗೂ ಅವನೇ ಮದುಮಗ ಅಲ್ವಾ ಉಮ್ಮಿ? ಹಾತಿಮ್‌ಗೆ ಹೇಳ್ಬಿಡ್ತೀನಿ, ನೀನು ಬರೋದು ಬೇಡ, ನಮ್ಮನೇಲಿ ಒಬ್ಬ ಇದಾನೆ ಅಂತ."

ಸಾಲ್ಹಾ ಹಗ್ಗದ ಮೇಲಿನ ಅಂಗಿಯ ತೋಳನ್ನು ಎಳೆದು ಸುಕ್ಕು ಬಿಡಿಸಿದಳು, ಒಳಗೆ ಕೈಯಿದ್ದರೆ ಹೇಗೋ ಹಾಗೆ. ಬಿಸಿಲಿನಲ್ಲಿ ಆ ಪುಟ್ಟ ಅಂಗಿ ಗಾಳಿ ತುಂಬಿಕೊಂಡು, ಯಾರೋ ತಿರುಗಿ ನೋಡಿದಂತೆ, ನೈಲಾಳ ಕಡೆಗೆ ತಿರುಗಿತು. ಅವಳು ಬುಟ್ಟಿ ಅಲ್ಲೇ ಬಿಟ್ಟು ಕೆಳಗಿಳಿದಳು.

ಹಾಡು ಬೇಡವೆಂದು ಖಮೀಸ್‌ಗೆ ಖುದ್ದಾಗಿ ಹೇಳಿಬರಲು ನೈಲಾಳೇ ಹೊರಟಳು. ಅವನು ಹೇಳಿದರೆ ಮೇಳದವರೆಲ್ಲ ಕೇಳುತ್ತಾರೆ. ಲಲ್ಲಾ ಶರೀಫಾಳಿಗೂ ಏನಾದರೂ ನೆಪ ಹೇಳಬಹುದು. ಖಮೀಸ್‌ನ ಕ್ಷೌರದಂಗಡಿ ಕೋಟೆಗೋಡೆಯ ಬುಡದಲ್ಲಿತ್ತು. ಒಂದು ಕಾಲದಲ್ಲಿ ತಿಜಾನಿಯವರ ಎಳೆಯ ಶಿಷ್ಯ. ಈಗ ಹೊಟ್ಟೆ ಬಂದಿದೆ, ಊರಿನ ಮದುವೆ ಮೇಳಕ್ಕೆ ಯಜಮಾನ. ಗಿರಾಕಿ ಎದ್ದು ಹೋಗುವವರೆಗೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಬೇಡ ಅಂದ್ರೆ ಹಾಡಲ್ಲಮ್ಮ," ಎಂದ ಅವನು ಕತ್ತಿ ಒರೆಸುತ್ತ. "ಶೇಖ್ ಅವ್ರ ಮನೆ ಬೀದೀಲಿ ಮದ್ವೆ ಇದ್ರೆ ನಾವು ಸಣ್ಣ ದನೀಲೇ ಹಾಡೋದು. ನಿಮ್ಮಮ್ಮನಿಗೆ ಆಗಲ್ಲ ಅಂತ ಗೊತ್ತು."

"ಅಷ್ಟು ಗೊತ್ತಿದ್ದೋರು ಅದನ್ನ ಮದ್ವೇಗೆ ಯಾಕೆ ತಗೊಂಡ್ರಿ? ಬಾಬಾ ಹೇಗೆ ಕೊಟ್ರು?"

ಖಮೀಸ್ ಕತ್ತಿ ಮಡಚಿದ. "ಶೇಖ್ ಕೊಟ್ಟಿಲ್ಲ."

"ಮತ್ತೆ? ನೀವೇ ಕದ್ರಾ?"

"ನನ್ನ ಬಾಯಲ್ಲಿ ಹೇಳಿಸ್ಬೇಡ ಮಗಳೇ."

"ಹೇಳ್ಲೇಬೇಕು ನೀವು. ನಮ್ಮನೇಲಿ ದಿನಾ ಇದೇ ಜಗಳ."

ಅವನು ಬಾಗಿಲ ಪರದೆ ಎಳೆದು ಬಂದ. "ನಿಮ್ಮಮ್ಮನೇ ಬಂದಿದ್ರು. ಇದೇ ಅಂಗಡಿಗೆ. ಆಗ ನಮ್ಮಪ್ಪಂದು. ನಾಜಿ ಹೋಗಿ ಐದಾರು ತಿಂಗಳಾಗಿತ್ತು, ಭಾರೀ ಚಳಿ. ಬಿಳಿ ಹೊದಿಕೆ ಹೊದ್ಕೊಂಡು, ಬರಿಗಾಲಲ್ಲಿ. ಬೆಸ್ತರ ಓಣೀಲಿ ಒಂದು ಬಡ ಹುಡುಗಿ ಮದ್ವೆ ಇತ್ತು. 'ಖಮೀಸ್, ಗುರುವಾರ ಅಲ್ಲಿ ನನ್ನ ಮಗನ ಹಾಡು ಹಾಡು. ಜನ ಒಂದು ಸಲ ಆದ್ರೂ ಎದ್ದು ನಿಂತು ನಾಲಿಗೆ ಆಡಿಸಿ ಅವನಿಗೆ ಶುಭದ ಲೂಲೂ ಕೂಗು ಹಾಕ್ಲಿ' ಅಂದ್ರು. ನಾನು ಹದಿನೇಳರ ಹುಡುಗ, ಇಲ್ಲ ಅನ್ನೋಕೆ ಆಗುತ್ತಾ? ಹಾಡ್ದೆ. ಅವ್ರೂ ಬಂದು ಹೆಂಗಸರ ನಡುವೆ ಕೂತಿದ್ರು. ಮಾರನೇ ದಿನದಿಂದ ಊರೆಲ್ಲ ಅದೇ ಹಾಡು ಕೇಳೋಕೆ ಶುರು ಮಾಡ್ತು."

"ಉಮ್ಮಿ ಯಾವತ್ತೂ ಹೇಳಿಲ್ಲ."

"ಅವರಿಗೆ ನೆನಪಿಲ್ಲ. ಬೇಸಿಗೇಲಿ ಯಾರದೋ ಮಾಳಿಗೆ ಮೇಲೆ ಕೇಳಿ, ಇದು ಇಲ್ಲಿಗೆ ಹೇಗೆ ಬಂತು ಅಂತ ಶೇಖ್ ಮೇಲೆ ಕೂಗಾಡಿದ್ರು. ನಾನು ಹೋಗಿ ಹೇಳ್ತೀನಿ ಅಂದೆ. ಶೇಖ್ ನನ್ನ ಕೆನ್ನೆಗೆ ಒಂದು ಬಿಟ್ರು. ಜನ್ಮದಲ್ಲಿ ಅವರು ನನಗೆ ಹೊಡೆದದ್ದು ಅದೊಂದೇ ಸಲ."

ನೈಲಾ ಮನೆಗೆ ಬಂದಾಗ ಪಾಠ ಮುಗಿದಿತ್ತು. ತಂದೆ ಒಬ್ಬರೇ ಕುಳಿತು ಬಟಾಣಿ ಸುಲಿಯುತ್ತಿದ್ದರು. ಅವಳೂ ಎದುರಿಗೆ ಕುಳಿತು ಒಂದು ಮುಷ್ಟಿ ಎತ್ತಿಕೊಂಡಳು.

"ಬಾಬಾ, ಖಮೀಸ್ ಹತ್ರ ಹೋಗಿದ್ದೆ."

ಅವರ ಕೈ ನಿಂತಿತು. ಮುಖ ನೋಡಿದರು. ಮತ್ತೆ ಸುಲಿಯತೊಡಗಿದರು. "ಬಾಯಿಬಡುಕ," ಎಂದರು.

"ಇಷ್ಟು ವರ್ಷ ಬೈಸ್ಕೊಂಡ್ರಿ. ಒಂದ್ಸಲ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಾಜಿ ಹೋದ್ಮೇಲೆ ನಿಮ್ಮಮ್ಮ ಊಟ ಬಿಟ್ಟಿದ್ಲು ನೈಲಾ. ಚಮಚದಲ್ಲಿ ಬಾಯಿಗೆ ಇಟ್ರೆ ನುಂಗ್ತಿದ್ಲು, ಇಲ್ದಿದ್ರೆ ಇಲ್ಲ. ಯಾವ ದಿನ, ಯಾವ ತಿಂಗಳು ಅಂತ ತಿಳೀತಿರ್ಲಿಲ್ಲ. ಸಂಜೆ ಆದ್ರೆ ಬಾಗಿಲು ತೆಗ್ದು ಅವನ್ನ ಊಟಕ್ಕೆ ಕರೀತಿದ್ಲು. ಹಾಗೇ ಹೋಗ್ಬಿಡ್ತಾಳೆ ಅಂದ್ಕೊಂಡೆ. ಆಮೇಲೆ ಆ ಬೇಸಿಗೇಲಿ ಹಾಡು ಕೇಳ್ಸಿದ ದಿನ ನನ್ನ ಮೇಲೆ ಬಿದ್ದು ಕಿರುಚಿದ್ಲಲ್ಲ, ಅವತ್ತು ರಾತ್ರಿ ತಾನಾಗೇ ಒಂದು ತಟ್ಟೆ ಕುಸ್ಕುಸ್ ಉಂಡ್ಲು. ಬೈಕೊಂಡೇ ಉಂಡ್ಲು." ಅವರು ಸಿಪ್ಪೆಗಳನ್ನು ಒಟ್ಟುಮಾಡಿದರು. "ನಾನ್ಯಾಕೆ ಅದನ್ನ ಕಿತ್ಕೊಳ್ಲಿ?"

ನೈಲಾಳಿಗೆ ಬಟಾಣಿ ಕಾಣದಂತೆ ಕಣ್ಣು ಮಂಜಾಯಿತು.

"ಅವಳಿಗೆ ಹೇಳ್ಬೇಡ," ಎಂದರು ತಂದೆ. ಅವಳು ತಲೆಯಾಡಿಸಿದಳು.

ಆ ಮಾತು ಅವಳಲ್ಲಿ ಹತ್ತು ದಿನವೂ ನಿಲ್ಲಲಿಲ್ಲ. ಲಲ್ಲಾ ಶರೀಫಾ ಒಂದು ಬುಟ್ಟಿ ಹಣ್ಣಿನ ಜೊತೆ ಹೇಳಿಕಳುಹಿಸಿದ್ದಳು: ಶೇಖ್ ಅವರೇ ಹಾಡುತ್ತಾರೆಂದು ನೆಂಟರಿಗೆಲ್ಲ ತಿಳಿಸಿದ್ದೇನೆ, ಮಾತರ್‌ನಿಂದ ಒಂದು ಬಸ್ಸು ತುಂಬ ಜನ ಬರುತ್ತಿದ್ದಾರೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಸಾಲ್ಹಾ ಸಿಡಿದಳು.

"ಬಸ್ಸು ತುಂಬ ಜನ! ಟಿಕೆಟ್ ಮಾರಿ. ಮಗನ್ನ ಮಾರಿದ್ದಾಯ್ತು, ಈಗ ಮಗಳ ಮದ್ವೇಲಿ ಅವನ್ನ ಇನ್ನೊಂದ್ಸಲ ಮಾರಿ. ಕಲ್ಲು ಕಣ್ರೀ ನೀವು. ಕಲ್ಲಾದ್ರೂ ಬಿಸಿಲಿಗೆ ಕಾಯುತ್ತೆ."

"ಸಾಕು ಉಮ್ಮಿ!" ನೈಲಾ ಚಮಚ ಎಸೆದಳು. "ಮಾರಿದ್ದು ಅವರಲ್ಲ! ಖಮೀಸ್ ಅಂಗಡಿಗೆ ಬರಿಗಾಲಲ್ಲಿ ಹೋಗಿ ಹಾಡು ಅಂದಿದ್ದು ನೀವು!"

"ನೈಲಾ!" ತಿಜಾನಿ ಗುಡುಗಿದರು. ಗಡಿಗೆಯ ಮುಚ್ಚಳ ಅದುರುವಂಥ ದನಿ ಅದು. ಆದರೆ ಮಾತು ಹೊರಬಿದ್ದಾಗಿತ್ತು.

ಸಾಲ್ಹಾ ಗಂಡನನ್ನು ನೋಡಿದಳು. "ಏನು ಹೇಳ್ತಿದಾಳೆ ಇವಳು?"

ಅವರು ಅದು ಸುಳ್ಳೆನ್ನಲಿಲ್ಲ. ಅವಳು ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟು, ತನ್ನ ಪಾದಗಳನ್ನೇ ಬಹಳ ಹೊತ್ತು ನೋಡುತ್ತ ಕುಳಿತಳು.

ಅಂದಿನಿಂದ ಮನೆಯಲ್ಲಿ ಜಗಳ ನಿಂತಿತು. ಜಗಳವಿಲ್ಲದ ಆ ಮನೆಯಲ್ಲಿ ಇರುವುದು ನೈಲಾಳಿಗೆ ಇನ್ನೂ ಕಷ್ಟವಾಯಿತು. ತಾಯಿ ಕೆಲಸ ಮಾಡುತ್ತಿದ್ದಳು, ಮಾತಿಲ್ಲ. ಸಾರಿಗೆ ಒಮ್ಮೆ ಉಪ್ಪಿಲ್ಲ, ಒಮ್ಮೆ ಎರಡು ಪಾಲು. ಒಂದು ಸಂಜೆ ನೈಲಾ ಅಂಗಳಕ್ಕೆ ಬಂದಾಗ ಸಾಲ್ಹಾ ಬೀದಿಬಾಗಿಲನ್ನು ಅರ್ಧ ತೆರೆದು, ಹೊರಗಿನ ಖಾಲಿ ಬೀದಿ ನೋಡುತ್ತ ನಿಂತಿದ್ದಳು. ಯಾರನ್ನೋ ಕರೆಯಲು ತುಟಿ ತೆರೆದಿದ್ದಂತಿತ್ತು.

"ಯಾರು ಉಮ್ಮಿ?"

"ಯಾರೂ ಇಲ್ಲ," ಎಂದು ಬಾಗಿಲು ಹಾಕಿದಳು.

"ನಾಲಿಗೆಗೆ ಮೂಳೆ ಇಲ್ಲ ನೋಡು ನಿಂಗೆ," ಎಂದು ಮನ್ನೂಬಿಯಾ ಕುಸ್ಕುಸ್ ಜರಡಿ ಹಿಡಿಯುತ್ತ ತಮ್ಮನ ಮಗಳನ್ನು ಚುಚ್ಚಿದಳು. "ಬೈತಿದ್ಲು, ಬದುಕಿದ್ಲು. ಈಗ ನೋಡು, ಭೂತ ಓಡಾಡಿದ ಹಾಗೆ ಓಡಾಡ್ತಾಳೆ."

"ನನಗೂ ಹೊಟ್ಟೆ ಉರೀತು ಅತ್ತೆ."

"ಉರಿಯುತ್ತೆ. ಮದ್ವೆ ಆಗಿ ಬೇಜಾಕ್ಕೆ ಹೋಗ್ತೀಯ. ಇಲ್ಲಿ ಇರ್ಬೇಕಾದೋರು ನಾವು."

ಶುಕ್ರವಾರ ಊಟದ ನಡುವೆ ಸಾಲ್ಹಾ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು. ಯಾರ ಮುಖವನ್ನೂ ನೋಡಲಿಲ್ಲ.

"ಅವತ್ತು ಜನ ಲೂಲೂ ಹಾಕಿದ್ರಾ?"

ಮನ್ನೂಬಿಯಾ ಅಗಿಯುವುದನ್ನು ನಿಲ್ಲಿಸಿದಳು. ತಿಜಾನಿಯವರು ಲೋಟ ಕೆಳಗಿಟ್ಟರು.

"ಹಾಕಿದ್ರು," ಎಂದರು.

"ನಿಮಗೆ ಹೇಗೆ ಗೊತ್ತು?"

"ನೀನು ಮನೇಲಿ ಇರ್ಲಿಲ್ಲ ಅಂತ ಹುಡುಕ್ಕೊಂಡು ಬಂದಿದ್ದೆ. ಚಪ್ಪರದ ಹೊರಗೆ ನಿಂತಿದ್ದೆ."

"ಜೋರಾಗಿ ಹಾಕಿದ್ರಾ?"

"ಮೊದಲು ಯಾರಿಗೂ ಹಾಡು ಗೊತ್ತಾಗ್ಲಿಲ್ಲ. ಸುಮ್ನೆ ಕೂತಿದ್ರು. ಒಬ್ಬಳೇ ಎದ್ದು ನಿಂತು ಹಾಕಿದ್ಲು. ಆಮೇಲೆ ಎಲ್ಲರೂ ಹಾಕಿದ್ರು." ತಿಜಾನಿಯವರು ಹೆಂಡತಿಯ ಕಡೆ ತಿರುಗಿದರು. "ನೀನೇ ಕಣೆ, ಸಾಲ್ಹಾ. ಮೊದಲು ಹಾಕಿದೋಳು ನೀನೇ."

ಸಾಲ್ಹಾ ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡಳು. ನೈಲಾ ಎದ್ದು ಹೋಗಿ ಅವಳನ್ನು ತಬ್ಬಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ತಾಯಿ ಬಿಡಿಸಿಕೊಂಡು, ಮುಖ ಒರೆಸಿ, ಗಂಡನಿಗೆ ನೇರವಾಗಿ ಹೇಳಿದಳು:

"ಅದು ಅವನದು. ಅವನ ಹಳೇ ಅಂಗೀನ ಇವಳಿಗೆ ತೊಡಿಸ್ಬೇಡಿ. ಇವಳಿಗೆ ಅಂತ ಬೇರೆ ಒಂದು ಕಟ್ಟಿ."

"ನಾನಾ?" ತಿಜಾನಿ ಬೆಚ್ಚಿದರು. "ನಂಗೆ ಎಲ್ಲಿ ಬರುತ್ತೆ ಈಗ?"

"ಊರಿಗೆಲ್ಲ ಕಲಿಸ್ತೀರಿ. ಮಗಳಿಗೆ ಒಂದು ಹಾಡು ಬರಲ್ವಾ?"

ಮರುದಿನದಿಂದ ಪಾಠಗಳು ನಿಂತವು. ಶಿಷ್ಯರು ಬಾಗಿಲಿಗೆ ಬಂದು ವಾಪಸಾದರು. ಮುಂದಿನ ಕೋಣೆಯಿಂದ ಊದ್ ವಾದ್ಯದ ನಾಲ್ಕು ಸ್ವರ ಕೇಳುತ್ತಿತ್ತು, ನಿಲ್ಲುತ್ತಿತ್ತು. ಬೈಗುಳ ಕೇಳುತ್ತಿತ್ತು. ಮತ್ತೆ ನಾಲ್ಕು ಸ್ವರ.

"ನಿಮ್ಮಪ್ಪ ಮೊಟ್ಟೆ ಇಡೋಕೆ ಕೂತ ಹಾಗಿದೆ," ಎಂದಳು ಮನ್ನೂಬಿಯಾ. "ಕೊಕ್ಕೊಕ್ಕೋ ಜಾಸ್ತಿ, ಮೊಟ್ಟೆ ಇಲ್ಲ."

ನೈಲಾ ಊಟದ ತಟ್ಟೆ ಒಯ್ದಾಗ ಅವರು ಊದ್ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಮೂರ್ನಾಲ್ಕು ದಿನದಲ್ಲಿ ಕೆನ್ನೆ ಒಳಸೇರಿತ್ತು.

"ಯಾವ ದಾರಿ ಹಿಡಿದ್ರೂ ಅಲ್ಲಿಗೇ ಹೋಗುತ್ತೆ," ಎಂದರು. "ಎರಡು ಸಾಲು ಹೋಗ್ತೀನಿ, ಮೂರನೇದಕ್ಕೆ ಅವನು ಬಂದು ಕೂತಿರ್ತಾನೆ. ಚಪ್ಪಾಳೆ ಹಾಕ್ಕೊಂಡು."

ನೈಲಾಳಿಗೆ ಅಂದು ಹೊಟ್ಟೆಕಿಚ್ಚಾಯಿತು. ಸತ್ತ ಹುಡುಗನ ಮೇಲೆ, ತನ್ನ ಇಷ್ಟು ವಯಸ್ಸಿನಲ್ಲಿ. ನನಗಾಗಿ ಕಟ್ಟುವ ಹಾಡಿನಲ್ಲೂ ಜಾಗ ಬಿಡುವುದಿಲ್ಲವಲ್ಲ ಇವನು ಎನಿಸಿತು. ಆ ಕೋಣೆಯಲ್ಲಿ ಯಾರೋ ಮೂರನೆಯವರಿದ್ದಾರೆ ಎಂದೂ ಅನಿಸಿತು. ತಟ್ಟೆ ಇಟ್ಟು ತಿರುಗಿದರೆ ಬಾಗಿಲಲ್ಲಿ ಸಾಲ್ಹಾ ನಿಂತಿದ್ದಳು, ಕೈಗೆಲ್ಲ ಹಿಟ್ಟು.

"ಕೂರ್ಲಿ ಬಿಡ್ರೀ," ಎಂದಳು ಸಾಲ್ಹಾ. "ಓಡಿಸ್ಬೇಡಿ. ತಂಗಿ ಮದ್ವೆ. ಕೂತು ಕೇಳ್ಲಿ."

ಎಂದು ಹೇಳಿ ಹಿಟ್ಟು ನಾದಲು ಹೋದಳು.

ಮದುವೆಯ ದಿನ ಅಂಗಳಕ್ಕೆ ಚಪ್ಪರ ಹಾಕಿ ದೀಪದ ಸರ ಕಟ್ಟಿದ್ದರು. ಮಾತರ್‌ನ ಬಸ್ಸು ಬಂತು. ನೈಲಾ ಜರಿಯ ಭಾರಕ್ಕೆ ಬಾಗಿ, ಮೆಹಂದಿ ಹಚ್ಚಿದ ಕೈಗಳನ್ನು ಮಡಿಲಲ್ಲಿಟ್ಟು ಎತ್ತರದ ಪೀಠದ ಮೇಲೆ ಕುಳಿತಿದ್ದಳು. ತಿಜಾನಿಯವರು ಬಿಳಿಯ ಜುಬ್ಬ ತೊಟ್ಟು ಮೇಳದ ನಡುವೆ ಬಂದು ಕುಳಿತಾಗ ಜನ ಗದ್ದಲ ನಿಲ್ಲಿಸಿದರು. ಹಾಡು ಶುರುವಾಯಿತು.

ಅದು ಮದುವೆಯ ಹಾಡಿನಂತಿರಲಿಲ್ಲ. ಹೆಣ್ಣೊಬ್ಬಳು ಬೆಳಗ್ಗೆ ಎದ್ದು ನೀರು ಸೇದುವುದು, ಕಸ ಹೊಡೆಯುವುದು, ತಂದೆಗೆ ಚಹಾ ತರುವುದು, ಅಷ್ಟೇ ಅದರಲ್ಲಿತ್ತು. ನಿನ್ನ ಹೆಜ್ಜೆ ಕೇಳಿಯೇ ನನಗೆ ಬೆಳಗಾಗುತ್ತಿತ್ತು, ನಾನು ಹೇಳಿರಲಿಲ್ಲ, ಎಂದು ಮುಗಿಯುತ್ತಿತ್ತು. ಕೊನೆಗೆ ಅವರ ದನಿ ಒಂದು ಕಡೆ ಒಣಗಿ ನಿಂತಿತು. ಖಮೀಸ್ ತಾನೇ ಎತ್ತಿಕೊಂಡು ದಡ ಮುಟ್ಟಿಸಿದ. ನೈಲಾ ಕಾಡಿಗೆ ಕದಡುತ್ತದೆಂದು ತಲೆ ಮೇಲೆತ್ತಿ ಕುಳಿತಳು. ಪ್ರಯೋಜನವಾಗಲಿಲ್ಲ.

ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಕುಣಿಯುವ ಹಾಡಲ್ಲ ಅದು. ಮಾತರ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ ಕೂಗಿದರು: "ಶೇಖ್, ಮದುಮಗನ ಹಾಡು! ಅದಕ್ಕೇ ಬಂದಿದೀವಿ!" ಲಲ್ಲಾ ಶರೀಫಾ ಎದ್ದು ನಿಂತಿದ್ದಳು. ಖಮೀಸ್ ತಲೆ ತಗ್ಗಿಸಿದ. ತಿಜಾನಿಯವರು ಊದ್ ಕೆಳಗಿಟ್ಟರು.

ಸಾಲ್ಹಾ ಹೆಂಗಸರ ನಡುವಿನಿಂದ ಎದ್ದು ಬಂದಳು. ಶರೀಫಾಳ ಹತ್ತಿರ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಲಲ್ಲಾ ಶರೀಫಾ, ಅದು ನನ್ನ ಮಗನ ಹಾಡು. ಆರು ವರ್ಷದವನಿದ್ದಾಗ ಹೋದ. ಅವನಿಗೆ ಮನೆಯೊಳಗೆ ಕೂರೋದು ಅಂದ್ರೆ ಆಗ್ತಿರ್ಲಿಲ್ಲ. ಖಮೀಸ್ ಅದನ್ನ ಬೀದೀಲಿ ಹಾಡ್ಲಿ."

ಶರೀಫಾ ಕೈಯನ್ನು ಬಾಯಿಗೆ ಒಯ್ದಳು. "ಯಾ ಅಲ್ಲಾಹ್. ನಂಗೆ ಯಾರೂ ಹೇಳ್ಲಿಲ್ಲವಲ್ಲ."

"ಎಲ್ಲಿ ಹೇಳ್ತಾರೆ, ನಾನು ಬಿಟ್ರೆ ತಾನೇ?" ಎಂದಳು ಸಾಲ್ಹಾ.

ಹೆಣ್ಣನ್ನು ಕಾರಿಗೆ ಹತ್ತಿಸಿದ ಮೇಲೆ ಬೀದಿಯಲ್ಲಿ ಖಮೀಸ್ ಹಾಡಿದ. ಬಸ್ಸು ತುಂಬ ಬಂದವರೂ ಓಣಿಯವರೂ ಕುಣಿದರು. ಅಷ್ಟು ವರ್ಷ ಮುಚ್ಚಿದ ಕೋಣೆಯಲ್ಲಿ ಚೂರುಚೂರಾಗಿ ಕೇಳಿದ್ದ ಹಾಡನ್ನು ನೈಲಾ ಅಂದು ಮೊದಲ ಬಾರಿಗೆ ಪೂರ್ತಿ ಕೇಳಿದಳು. ಕಾರು ಹೊರಟಾಗ ಹಿಂತಿರುಗಿ ನೋಡಿದಳು. ತಾಯಿ ಹೊಸಿಲಲ್ಲಿ ನಿಂತಿದ್ದಳು. ಅವಳ ಬಲಗೈ ಪಕ್ಕದಲ್ಲಿ ಸ್ವಲ್ಪ ಎತ್ತಿಕೊಂಡಿತ್ತು, ಸೊಂಟದ ಎತ್ತರಕ್ಕೆ, ಅಂಗೈ ಕೆಳಗಾಗಿ. ಜನಸಂದಣಿಯಲ್ಲಿ ಮಗುವೊಂದು ಮುಂದೆ ನುಗ್ಗದಂತೆ ಹೆಗಲು ಹಿಡಿದವರು ನಿಲ್ಲುವ ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಏನಾಯ್ತು?" ಎಂದ ಹಾತಿಮ್.

"ಏನಿಲ್ಲ," ಎಂದಳು ನೈಲಾ. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಊರಿನಲ್ಲಿ ಆ ಹೊಸ ಹಾಡನ್ನು ಯಾರೂ ಎತ್ತಿಕೊಳ್ಳಲಿಲ್ಲ. ಖಮೀಸ್ ಒಂದೆರಡು ಕಡೆ ಹಾಡಿ ನೋಡಿದ. ಜನ ಮಾತಿಗಿಳಿದರು, ಬಿಟ್ಟುಬಿಟ್ಟ.

ಚಳಿಗಾಲದಲ್ಲಿ ಸಾಲ್ಹಾ ಬೇಜಾದ ಬಸ್ಸು ಹತ್ತಿ ಮಗಳ ಮನೆಗೆ ಬಂದಳು. ನೈಲಾಳಿಗೆ ಆಗ ನಾಲ್ಕು ತಿಂಗಳು. ಹಾತಿಮ್ ಶಾಲೆಗೆ ಹೋಗಿದ್ದ. ತಾಯಿ ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ತಂದ ಆಲಿವ್‌ಗಳನ್ನು ಕಲ್ಲಿನಿಂದ ಜಜ್ಜುತ್ತಿದ್ದಳು, ನೈಲಾ ಪಾತ್ರೆ ತೊಳೆಯುತ್ತಿದ್ದಳು. ತೊಳೆಯುತ್ತ ತನಗರಿವಿಲ್ಲದೆಯೇ ತಂದೆ ತನಗೆ ಕಟ್ಟಿದ ಹಾಡನ್ನು ಗುನುಗಿದಳು.

"ಅಲ್ಲಿ ಏರಿಸ್ಬೇಡ," ಎಂದಳು ಸಾಲ್ಹಾ, ತಲೆಯೆತ್ತದೆ. "ನಿಮ್ಮಪ್ಪ ಅಲ್ಲಿ ಇಳಿಸ್ತಾರೆ."

"ನಿಮಗೆ ಬರುತ್ತಾ ಅದು?"

"ಬರ್ದೇ ಏನು? ಬೆಳಿಗ್ಗೆ ಎದ್ರೆ ಅದೇ ಹಾಡ್ಕೋತಿರ್ತಾರೆ. ನೀನು ಹೋದ್ಮೇಲೆ ಚಹಾ ತರೋಳು ಇಲ್ವಲ್ಲ."

"ಹೇಗೆ ಇಳಿಸ್ತಾರೆ?"

ಸಾಲ್ಹಾ ಕಲ್ಲನ್ನು ಪಕ್ಕಕ್ಕಿಟ್ಟಳು. ಗಂಟಲು ಸರಿಮಾಡಿಕೊಂಡಳು. ಹೊರಗೆ ಅಂಗಳದಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿ, ಹಾಡಿದಳು. ಒರಟು ದನಿ, ಬಳಸದೆ ತುಕ್ಕು ಹಿಡಿದದ್ದು, ಆದರೆ ಸ್ವರ ಎಲ್ಲೂ ಜಾರಲಿಲ್ಲ. ಹುಟ್ಟಿದಂದಿನಿಂದ ನೈಲಾ ತಾಯಿ ಹಾಡಿದ್ದನ್ನು ಕೇಳಿರಲಿಲ್ಲ. ಪಾತ್ರೆ ಸದ್ದು ಮಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಎರಡೂ ಕೈಗಳನ್ನು ತಣ್ಣೀರಿನಲ್ಲಿ ಹಾಗೇ ಮುಳುಗಿಸಿಟ್ಟುಕೊಂಡು, ಹಾಡು ಮುಗಿಯುವವರೆಗೆ ಅಲುಗಾಡದೆ ನಿಂತಳು.